ಹಾರ್ಟ್ ಒತ್ತೋಕೆ ಮುಂಚೆ ಕಾಲೆಲ್ಲೈತೆ ಅಂತ ನೋಡ್ರಮ್ಮ

ನಾಲ್ಕನೇ ಜ್ವರ ಎದ್ದ ಹುಳ ಮನೇಲಿದ್ರೆ ಹೆಂಗಸ್ರಿಗೆ ಊಟ ನಿದ್ದೆ ಸರಿಯಾಗಿ ಇರಲ್ಲ ಅಂತ ನಿಮಗೇನು ಹೇಳಬೇಕಾಗಿಲ್ಲ. ಆವತ್ತೂ ಹಂಗೇ. ರಾತ್ರಿ ಹತ್ತೂವರೆಗೆ ಕೊನೇ ಸೊಪ್ಪು ಹಾಕಿ, ಕೈ ತೊಳ್ಕೊಂಡು, ಜಗಲಿ ಮೇಲೆ ಕಾಲು ಚಾಚಿ ಫೋನ್ ತೆಗೆದೆ. ನಮ್ಮ ತವರಿನ ಗ್ರೂಪಲ್ಲಿ ತಂಗಿ ಮಗ ಒಂದು ವಿಡಿಯೋ ಹಾಕಿದ್ದ. ಹೆಸರು ಬರೆಯಲ್ಲ, ನಮ್ಮ ಮನೇಲಿದ್ದು ಕನಕಪುರಕ್ಕೆ ಬಿ.ಕಾಂ ಓದೋಕೆ ಹೋಗ್ತಾನಲ್ಲ, ಅವನೇ.

ಮೇಕೆದಾಟು. ಹಿಂದೆ ಕಾವೇರಿ ಬೆಳ್ಳಗೆ ನೊರೆ ಉಕ್ಕಿಸ್ಕೊಂಡು ಹೋಗ್ತಾವ್ಳೆ. ಇವನು ಕರಿ ಕನ್ನಡಕ ಹಾಕ್ಕೊಂಡು, ಗೌರಿ ಹಬ್ಬಕ್ಕೆ ನಾನೇ ತೆಕ್ಕೊಟ್ಟ ನೀಲಿ ಅಂಗಿಲಿ, ಎರಡೂ ಕೈ ಅಗಲ ಮಾಡಿ ನಿಂತವ್ನೆ. ಯಾವ್ದೋ ಸಿನಿಮಾ ಹಾಡು ಬೇರೆ. ಎಷ್ಟು ಚೆಂದ ಕಾಣ್ತವ್ನೆ ನಮ್ಮ ಹುಡುಗ ಅಂದ್ಕೊಂಡು ಒಂದು ಹಾರ್ಟ್ ಒತ್ತಿದೆ. "ಸೂಪರ್ ಮಗನೆ" ಅಂತ ಬರೆದೆ. ಅವನು ಒಳಗೆ ಗೊರಕೆ ಹೊಡೀತಿದ್ದ. ನಾನೂ ಮಲಗ್ದೆ.

ಬೆಳಗ್ಗೆ ಕಾಫಿ ಕುಡೀತಾ ನಮ್ಮೆಜಮಾನ್ರು ಅದೇ ವಿಡಿಯೋ ನೋಡ್ತಿದ್ರು. ಲೋಟ ಕೆಳಗಿಟ್ರು. "ಇವನ ಕಾಲು ನೋಡಿದ್ಯೇನೆ?" ಅಂದ್ರು.

ನೋಡಿದೆ. ಹಿಮ್ಮಡಿ ಬಂಡೆ ಮೇಲಿಲ್ಲ ಕಣ್ರೆ. ಬೆರಳು ಮಾತ್ರ ಬಂಡೆ ಅಂಚಲ್ಲಿ, ಹಿಮ್ಮಡಿ ಗಾಳೀಲಿ. ಅದರ ಕೆಳಗೆ ನೀರು. ನನ್ನ ಎದೆ ಧಸಕ್ ಅಂತು. ಆದ್ರೆ ರಾತ್ರಿ ನಾನು ಅದೇ ವಿಡಿಯೋ ಎರಡು ಸಲ ನೋಡಿದ್ದೆ. ಮುಖ ನೋಡಿದ್ದೆ, ಅಂಗಿ ನೋಡಿದ್ದೆ. ಕಾಲು ನೋಡಿರ್ಲಿಲ್ಲ.

ಎಬ್ಬಿಸಿ ಬೈಯೋಣ ಅಂತ ಹೋದೆ. ಚೆನ್ನಾಗೇ ಬೈದೆ. ಅಪ್ಪ ಇಲ್ದಿರೋ ಮಗ, ನಿಮ್ಮವ್ವಂಗೆ ನಾನೇನು ಉತ್ತರ ಹೇಳ್ಲಿ ಅಂತೆಲ್ಲ ಅಂದೆ. ಅವನು ಹಾಸಿಗೇಲಿ ಎದ್ದು ಕೂತು, ಕಣ್ಣುಜ್ಜಿಕೊಂಡು, ಫೋನ್ ತೆಗೆದು ತೋರಿಸ್ದ. "ನೀನೇ ಮೊದಲ್ನೇ ಹಾರ್ಟ್ ಹಾಕಿರೋದು ದೊಡ್ಡವ್ವ."

ನನಗೆ ಮಾತೇ ಹೊರಡ್ಲಿಲ್ಲ. ಆ ಗ್ರೂಪಲ್ಲಿ 31 ಜನ ಇದ್ದೀವಿ. 19 ಜನ ಹಾರ್ಟೋ ಬೆಂಕಿಯೋ ಚಪ್ಪಾಳೆಯೋ ಹಾಕಿದ್ರು. "ಹೀರೋ", "ಮಾಸ್", "ದೃಷ್ಟಿ ತೆಗೀರಪ್ಪ" ಎಲ್ಲಾ ಇತ್ತು. "ಹಿಂದಕ್ಕೆ ಸರ್ಕೊಳೋ" ಅಂದೋರು ಒಬ್ರೂ ಇಲ್ಲ. ಇದನ್ನ ಓದ್ತಿರೋ ನಿಮ್ಮಲ್ಲೂ ಐದಾರು ಜನ ಆ 19ರಲ್ಲಿದ್ದೀರ. ಬೈಯೋಕೆ ಬರೀತಿಲ್ಲ. ಶುರು ಮಾಡಿದ್ದೇ ನಾನು.

ಮೇಕೆದಾಟು ನಮಗೆ ಹೊಸ್ದಲ್ಲ. ಬೆಂಗಳೂರಿನೋರಿಗೆ ಅದು ಭಾನುವಾರದ ಜಾಗ, ನಮಗೆ ಮಗ್ಗುಲ ಮನೆ ಇದ್ದಂಗೆ. ಸಂಗಮದಲ್ಲಿ ಅರ್ಕಾವತಿ ಕಾವೇರಿಗೆ ಸೇರ್ತಾಳೆ. ಅಲ್ಲಿಂದ ಮೂರ್ನಾಕು ಕಿಲೋಮೀಟರ್ ಕೆಳಕ್ಕೆ ಹೋದ್ರೆ ಅಷ್ಟು ಅಗಲದ ಹೊಳೆ ಬಂಡೆ ಮಧ್ಯೆ ಸಣ್ಣ ಸಂದಿಗೆ ಇಳೀತದೆ. ನೀರು ಕಡಿಮೆ ಅಂತ ಕಾಣೋದು ಮೇಲ್ಗಡೆ ಮಾತ್ರ. ಅಗಲ ಕಮ್ಮಿ ಆದಷ್ಟೂ ಆಳ ಜಾಸ್ತಿ, ಸೆಳೆತ ಜಾಸ್ತಿ. ನೀರು ಕಲ್ಲು ಮರಳು ತಿರುಗಿಸಿ ತಿರುಗಿಸಿ ಬಂಡೆ ಒಳಗೇ ಗುಂಡಿ ಕೊರೆದೈತೆ. ಬಂಡೆ ಮೇಲೆ ಪಾಚಿ. ಎಚ್ಚರಿಕೆ ಬೋರ್ಡೂ ಐತೆ. ಆ ಬೋರ್ಡ್ ಪಕ್ಕ ನಿಂತೇ ಫೋಟೋ ತೆಗೀತಾರೆ.

ನಮ್ಮತ್ತೆಯ ತಮ್ಮ ಒಬ್ರು ಆ ಹೊಳೇಲೇ ಹೋದ್ರು. ಅರವತ್ತು ವರ್ಷದ ಮೇಲಾಯ್ತು. ಆಡು ಹೊಡ್ಕೊಂಡು ಹೋದೋರು, ಒಂದು ಮರಿ ನೀರಿಗೆ ಬಿತ್ತು ಅಂತ ಇಳಿದ್ರಂತೆ. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು. ಅವರದು ಒಂದು ಫೋಟೋನೂ ಇಲ್ಲ ನಮ್ಮ ಮನೇಲಿ. ಪಿತೃಪಕ್ಷದಲ್ಲಿ ಅವರ ಹೆಸರಲ್ಲಿ ಎಡೆ ಇಡುವಾಗ ನಮ್ಮತ್ತೆ ಬರೀ ಒಂದು ಕೆಂಪು ಟವಲ್ ಇಡ್ತಾರೆ. ಆವತ್ತು ಅವರ ಹೆಗಲ ಮೇಲಿದ್ದಿದ್ದು ಕೆಂಪು ಟವಲ್ ಅಂತೆ.

ಹುಡುಗನ ವಿಡಿಯೋ ನಮ್ಮತ್ತೆಗೂ ತೋರಿಸ್ದೆ. ಬುದ್ಧಿ ಹೇಳ್ತಾರೆ ಅಂದ್ಕೊಂಡೆ. ಅವರು ಅವನನ್ನ ಏನೂ ಅನ್ಲಿಲ್ಲ. ನನ್ನ ಮುಖ ನೋಡಿ, "ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡ್ದಂಗೆ ಅಂತಿದ್ರು. ನೀವು ನಿಮ್ಮ ಮಕ್ಕಳನ್ನೇ ತಳ್ತಿದ್ದೀರಲ್ಲವ್ವ" ಅಂದ್ರು. ಎದ್ದು ಹೋಗಿ ಹಿತ್ತಲಲ್ಲಿ ಕೂತ್ರು. ಮಧ್ಯಾಹ್ನ ಮುದ್ದೇನೂ ಅರ್ಧ ಬಿಟ್ರು.

ಆ ಮಾತು ನನ್ನ ಬಿಡಲಿಲ್ಲ. ಹುಳಕ್ಕೆ ಸೊಪ್ಪು ಹಾಕುವಾಗ, ಪಾತ್ರೆ ತೊಳೆಯುವಾಗ ಅದೇ. ಹಿಂದೆ ಕೇಳಿದ್ದು, ಪೇಪರಲ್ಲಿ ಓದಿದ್ದು ಒಂದೊಂದೇ ನೆನಪಿಗೆ ಬಂತು.

2017ರ ಸೆಪ್ಟೆಂಬರ್ ಕೊನೇಲಿ ಕನಕಪುರ ರಸ್ತೆಯ ರಾವುಗೋಡ್ಲು ಬೆಟ್ಟದ ಹತ್ರ ನಡೆದಿದ್ದು ನಿಮಗೂ ನೆನಪಿರ್ಬೇಕು. ಬೆಂಗಳೂರಿನ ಕಾಲೇಜು ಹುಡುಗರು ಬಂದಿದ್ರು, ಕಲ್ಯಾಣೀಲಿ ಇಳಿದು ಆಡ್ತಾ ಸೆಲ್ಫಿ ತಕ್ಕೊಂಡ್ರು. ಮೇಲೆ ಬಂದ ಮೇಲೆ ಒಬ್ಬ ಕಾಣ್ಲಿಲ್ಲ. ಹುಡುಕಿ ಹುಡುಕಿ ಆಮೇಲೆ ಫೋನಲ್ಲಿದ್ದ ಫೋಟೋ ತೆಗೆದು ನೋಡಿದ್ರೆ, ನಗ್ತಾ ನಿಂತಿರೋ ಇವರ ಹಿಂದೆಯೇ ಆ ಹುಡುಗ ಮುಳುಗ್ತಾ ಇರೋದು ಫೋಟೋದಲ್ಲಿ ಬಂದಿತ್ತು. 17 ವರ್ಷ. ಸ್ನೇಹಿತರು ಕೆಟ್ಟೋರಲ್ಲ ಕಣ್ರೆ. ಕೈ ಚಾಚಿದ್ರೆ ಸಿಗೋ ದೂರದಲ್ಲಿದ್ರು. ಆದ್ರೆ ಎಲ್ಲರ ಕಣ್ಣೂ ಫೋನ್ ಕಡೆ ಇತ್ತು. ಫೋನಿಗೆ ಕಂಡಿದ್ದು ಅವರಿಗೆ ಕಾಣ್ಲಿಲ್ಲ.

ಅದಾಗಿ ಹದಿನೈದು ದಿನ ಕಳೆದಿರ್ಲಿಲ್ಲ, ಅಕ್ಟೋಬರ್ ಮೊದಲ ವಾರ ಬಿಡದಿ ಹತ್ರ ರೈಲು ಹಳಿ ಮೇಲೆ ಮೂರು ಹುಡುಗರು ಹೋದ್ರು. ಸೆಲ್ಫಿ ತೆಗೆಯೋಕೆ ಹೋಗಿ ಅಂತ ಪೇಪರಲ್ಲಿ ಬಂತು. ಎರಡೂ ನಮ್ಮ ರಾಮನಗರದ ಕಡೆಯೇ.

ಇನ್ನೂ ಒಂದು ವರ್ಷ ಹಿಂದಕ್ಕೆ ಹೋದ್ರೆ, 2016ರ ನವೆಂಬರ್ 7. ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿ ಗುಡಿ' ಸಿನಿಮಾದ ಶೂಟಿಂಗು. ಹೆಲಿಕಾಪ್ಟರಿಂದ ನೀರಿಗೆ ಹಾರಿದ ಅನಿಲ್, ಉದಯ್ ಇಬ್ಬರೂ ಮೇಲೆ ಬರ್ಲೇ ಇಲ್ಲ. ಈಜು ಅಷ್ಟಾಗಿ ಬರಲ್ಲ ಅಂತ ಅವರು ಮುಂಚೆಯೇ ಟೀವಿಯೋರ ಮುಂದೆ ಹೇಳಿದ್ರು. ಆದ್ರೂ ಹಾರಿದ್ರು. ಅಷ್ಟು ಜನ ದೊಡ್ಡೋರು ಸುತ್ತ ನಿಂತು ನೋಡ್ತಿದ್ರು. ಕ್ಯಾಮೆರಾ ಶುರುವಾದ ಮೇಲೆ "ನನಗೆ ಭಯ ಆಗ್ತೈತೆ, ಒಲ್ಲೆ" ಅನ್ನೋದು ಎಷ್ಟು ಕಷ್ಟ ಅಂತ ಅವತ್ತು ಟೀವಿ ನೋಡಿ ಅತ್ತಿದ್ದೆ. ಈಗ ಪ್ರತಿಯೊಬ್ಬ ಹುಡುಗನ ಜೇಬಲ್ಲೂ ಆ ಕ್ಯಾಮೆರಾ ಐತೆ.

ಮತ್ತೊಂದು 2023ರ ಜುಲೈದು. ಕೊಲ್ಲೂರು ಹತ್ರದ ಅರಸಿನಗುಂಡಿ ಜಲಪಾತ. ಭದ್ರಾವತಿ ಕಡೆಯ 23 ವರ್ಷದ ಹುಡುಗ ಬಂಡೆ ತುದೀಲಿ ನಿಂತಿದ್ದ, ಜೊತೆಗಾರ ಹಿಂದಿಂದ ವಿಡಿಯೋ ಮಾಡ್ತಿದ್ದ. ಕಾಲು ಜಾರ್ತು, ಕಣ್ಣು ಮುಚ್ಚಿ ಬಿಡೋದ್ರೊಳಗೆ ಹುಡುಗ ಇಲ್ಲ. ಹೆಣ ಸಿಗೋಕೆ ಒಂದು ವಾರ ಬೇಕಾಯ್ತು. ಅಷ್ಟರಲ್ಲಿ ಆ ವಿಡಿಯೋ ನಾಡೆಲ್ಲ ಸುತ್ತಿತ್ತು. ನನ್ನ ಫೋನಿಗೂ ಬಂತು. ನಾನೇನು ಮಾಡ್ದೆ ಗೊತ್ತಾ? "ಅಯ್ಯೋ ಪಾಪ" ಅಂತ ಬರೆದು ಮೂರು ಗ್ರೂಪಿಗೆ ಕಳಿಸ್ದೆ. ಅವನ ಹೆತ್ತವ್ವ ಮಗ ಸಿಗಲಿ ಅಂತ ದಾರಿ ನೋಡ್ತಿದ್ದ ದಿನಗಳಲ್ಲಿ ನಾನಿಲ್ಲಿ ಮೊಸರು ಕಡೀತಾ ಅವನು ಬೀಳೋದನ್ನ ಮತ್ತೆ ಮತ್ತೆ ನೋಡ್ತಿದ್ದೆ. ಇವತ್ತು ಇದನ್ನ ಬರೆಯೋಕೂ ಕೈ ನಡುಗ್ತೈತೆ.

ಬೆಂಗಳೂರಲ್ಲಿರೋ ಮಗಳಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳ್ದೆ. ಅವಳು ಒಂದು ವಿಷಯ ಓದಿ ಹೇಳಿದ್ಲು. ದೆಹಲಿಯ ಏಮ್ಸ್ ಡಾಕ್ಟ್ರುಗಳು 2018ರಲ್ಲಿ ಒಂದು ಲೆಕ್ಕ ತೆಗೆದವ್ರೆ. 2011ರ ಅಕ್ಟೋಬರಿಂದ 2017ರ ನವೆಂಬರ್ ತನಕ ಸೆಲ್ಫಿ ತೆಗೆಯೋಕೆ ಹೋಗಿ ಜಗತ್ತಲ್ಲಿ ಸತ್ತೋರು 259 ಜನ ಅಂತ ಪತ್ರಿಕೆ ಸುದ್ದಿಗಳಿಂದ ಎಣಿಸಿದ್ರಂತೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮ ದೇಶದೋರೇ. ಎಲ್ಲಕ್ಕಿಂತ ಜಾಸ್ತಿ ಜನ ಹೋಗಿರೋದು ನೀರಲ್ಲಿ. ನಾಲ್ಕರಲ್ಲಿ ಮೂರು ಪಾಲು ಗಂಡುಹುಡುಗ್ರು, ಸರಾಸರಿ ವಯಸ್ಸು 23ರ ಹತ್ರ. ಓದಿ ಬರೆದು, ಇನ್ನೇನು ಮನೆಗೆ ಆಸರೆ ಆಗ್ಬೇಕು ಅನ್ನೋ ವಯಸ್ಸು ನೋಡಿ.

ಬೈದ್ರೆ ಆಗಲ್ಲ ಅಂತ ಅರ್ಥ ಆಯ್ತು. ಎರಡು ದಿನ ಬಿಟ್ಟು, ಅವನು ಸೊಪ್ಪು ಕತ್ತರಿಸೋಕೆ ಕೂತಾಗ ಕೇಳ್ದೆ. "ನನಗೂ ಒಸಿ ಹೇಳಿಕೊಡಪ್ಪ, ಈ ರೀಲ್ಸು ಅನ್ನೋದು ಹೆಂಗೆ ನಡೀತದೆ?" ಟಿಕ್‌ಟಾಕ್ 2020ರ ಜೂನಲ್ಲಿ ಬಂದ್ ಆದಾಗ ಪೀಡೆ ತೊಲಗ್ತು ಅಂದ್ಕೊಂಡಿದ್ದೆ. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಮಲ್ಲಿ ರೀಲ್ಸು ಬಂತು ಅಂತ ಅವನಿಂದ್ಲೇ ಗೊತ್ತಾಗಿದ್ದು.

ಅವನು ಖುಷಿಯಿಂದ ಹೇಳ್ದ. ನಾವು ಒಂದು ವಿಡಿಯೋನ ಎಷ್ಟು ಹೊತ್ತು ನೋಡಿದ್ವಿ, ತಿರುಗಾ ನೋಡಿದ್ವಾ, ಯಾರಿಗಾದ್ರೂ ಕಳಿಸಿದ್ವಾ ಅಂತ ಅದು ಲೆಕ್ಕ ಇಟ್ಕೊತದಂತೆ. ಜನ ಜಾಸ್ತಿ ನೋಡಿದ್ದನ್ನ ಇನ್ನೂ ಜಾಸ್ತಿ ಜನಕ್ಕೆ ತೋರಿಸ್ತದಂತೆ. ನಾವು ಮೆಚ್ಚಿ ನೋಡಿದ್ವೋ, ಹೆದರಿ ನೋಡಿದ್ವೋ, ಬೈಕೊಂಡು ನೋಡಿದ್ವೋ ಅದಕ್ಕೆ ಬೇಕಾಗಿಲ್ಲ. "ಅಯ್ಯೋ ಬೀಳ್ತಾನೆ" ಅಂತ ಬೆರಳು ನಿಲ್ಲಿಸಿದ್ರೂ ಅವನ ಲೆಕ್ಕಕ್ಕೆ ಅದು ನೋಡಿದಂಗೇ.

ತನ್ನ ಲೆಕ್ಕಾನೂ ತೋರಿಸ್ದ. ನಮ್ಮ ಎತ್ತಿಗೆ ಸಂಕ್ರಾಂತೀಲಿ ಕಿಚ್ಚು ಹಾಯಿಸಿದ್ದು 300 ಜನ ನೋಡವ್ರೆ. ಅವನು ನಮ್ಮತ್ತೆ ಕೈಲಿ ಉಪ್ಸಾರಿನ ಖಾರ ಅರೆಸಿ ತೆಗೆದಿದ್ದು 140. ಗಾಡಿ ಮುಂದಿನ ಚಕ್ರ ಎತ್ತಿ ಓಡಿಸಿದ್ದು, ಅದೂ ನಮಗೆ ಗೊತ್ತಿಲ್ದಂಗೆ ಮಾಡವ್ನೆ, 4 ಸಾವಿರ. ಈ ಬಂಡೆ ಮೇಲಿಂದು 11 ಸಾವಿರ. "ನೋಡು ದೊಡ್ಡವ್ವ, ನಾನೇನು ಮಾಡ್ಲಿ" ಅಂದ.

ಇದೇ ಮಾತಿಗೆ ಗಾಡಿ ವಿಷಯ ಒಂದು ಹೇಳಿಬಿಡ್ತೀನಿ, ಪಕ್ಕದ ಬೀದಿಯೋರಿಗೂ ಬೇಕು. 18 ತುಂಬದ ಹುಡುಗರ ಕೈಗೆ ಬೈಕ್ ಕೊಟ್ಟು ಸಿಕ್ಕಿಬಿದ್ರೆ, 2019ರಲ್ಲಿ ತಿದ್ದಿದ ಮೋಟಾರು ಕಾನೂನಲ್ಲಿ ಅಪ್ಪ ಅವ್ವನಿಗೋ ಗಾಡಿ ಯಜಮಾನನಿಗೋ 25,000 ರೂಪಾಯಿ ದಂಡ, 3 ವರ್ಷದ ತನಕ ಜೈಲು. ಹುಡುಗನಿಗೆ 25 ವರ್ಷ ಆಗೋ ತನಕ ಲೈಸೆನ್ಸ್ ಸಿಗಲ್ಲ. "ಒಂದು ರೌಂಡ್ ಹೋಗಿಬರ್ತಾನೆ ಬಿಡಿ" ಅಂತ ಕೀಲಿ ಕೊಡೋದು ನಾವೇ ಅಲ್ವಾ.

ಹುಳ ಹಣ್ಣಾಗಿ, ಗೂಡು ಕಟ್ಟಿ, ರಾಮನಗರದ ಮಾರ್ಕೆಟ್ಟಿಗೆ ಹಾಕಿ ಬಂದ ಮೇಲೆ ಒಂದು ಸೋಮವಾರ ನಾನು ಅವನಿಗೆ ಅಂದೆ, "ನನ್ನ ಮೇಕೆದಾಟಿಗೆ ಕರ್ಕೊಂಡು ಹೋಗು. ನೀನು ನಿಂತ ಜಾಗ ನೋಡ್ಬೇಕು." ಅವನಿಗೆ ಗಾಬರಿ. ಆದ್ರೂ ಹೊರಟ. ಸಂಗಮದಲ್ಲಿ ತೆಪ್ಪದಲ್ಲಿ ದಾಟಿ, ಆ ಕಡೆ ನಿಂತಿರೋ ಹಳೇ ಬಸ್ಸಲ್ಲಿ ಮೈಮೂಳೆಯೆಲ್ಲ ಅಲ್ಲಾಡಿಸ್ಕೊಂಡು ಹೋದ್ವಿ. ಸೋಮವಾರ ಆದ್ರಿಂದ ಜನ ಇರ್ಲಿಲ್ಲ. ನೀರಿನ ಸದ್ದು ಮಾತ್ರ.

ಬಂಡೆ ಹತ್ರ ಬಂದಾಗ ನಾನು ಚಪ್ಪಲಿ ಬಿಟ್ಟು ಸೆರಗು ಸಿಗಿಸ್ಕೊಂಡು ಮುಂದಕ್ಕೆ ಹೊರಟೆ. ನಿಜ ಹೇಳ್ತೀನಿ, ಅಂಚಿಗೆ ಹೋಗೋ ಧೈರ್ಯ ನನಗಿರ್ಲಿಲ್ಲ. ಆದ್ರೂ ಹೊರಟೆ. ಐದಾರು ಹೆಜ್ಜೆ ಇಟ್ಟಿರ್ಲಿಲ್ಲ, ಅವನು ಓಡಿಬಂದು ನನ್ನ ರಟ್ಟೆ ಹಿಡ್ಕೊಂಡ. ಎಷ್ಟು ಜೋರಾಗಿ ಅಂದ್ರೆ ಬಳೆ ಒತ್ತಿ ಗುರುತು ಬಿತ್ತು. "ಎಲ್ಲಿಗೆ ಹೋಗ್ತಿದ್ದೀಯ! ಪಾಚಿ ಕಟ್ಟೈತೆ, ಜಾರ್ತದೆ, ಕಾಣಲ್ವಾ ನಿಂಗೆ!" ಅಂತ ಕೂಗ್ದ. ನನ್ನ ಮೇಲೆ ಅವನು ಯಾವತ್ತೂ ಅಷ್ಟು ಜೋರು ಮಾಡಿರ್ಲಿಲ್ಲ.

"ಪಾಚಿ ಇರೋದು ನಿನಗೆ ಗೊತ್ತಿತ್ತು ಹಂಗಾದ್ರೆ" ಅಂದೆ.

ಅವನು ಸುಮ್ಮನಾದ. ಇಬ್ಬರೂ ಹಿಂದಕ್ಕೆ ಬಂದು ನೆರಳಲ್ಲಿ ಕೂತ್ವಿ. ಕಟ್ಕೊಂಡು ಹೋಗಿದ್ದ ಚಿತ್ರಾನ್ನ ತಿಂದ್ವಿ. ಆಮೇಲೆ ನಾನು ನಮ್ಮತ್ತೆಯ ತಮ್ಮನ ಕಥೆ ಹೇಳ್ದೆ. ಕೆಂಪು ಟವಲ್ ಯಾಕೆ ಇಡ್ತಾರೆ ಅಂತ ಅವನಿಗೆ ಗೊತ್ತೇ ಇರ್ಲಿಲ್ಲ. ಈ ಜಾಗದ ಕಥೇನೂ ಮಾತಿಗೆ ಬಂತು. ಹುಲಿ ಅಟ್ಟಿಸ್ಕೊಂಡು ಬಂದಾಗ ಮೇಕೆ ಜೀವ ಉಳಿಸ್ಕೊಳ್ಳೋಕೆ ಇಲ್ಲಿ ಹಾರ್ತಂತೆ, ಅದು ದಾಟ್ತು, ಹುಲಿ ಬಿತ್ತು. "ಮೇಕೆಗೆ ಹಿಂದೆ ಹುಲಿ ಇತ್ತು ಕಣಪ್ಪ. ನಿನ್ನ ಹಿಂದೆ ಯಾರಿದ್ರು?" ಅಂದೆ. ತಮಾಷೆಗೇ ಅಂದಿದ್ದು.

ಅವನು ಬಹಳ ಹೊತ್ತು ನೀರನ್ನೇ ನೋಡ್ದ. ಆಮೇಲೆ ಹೇಳ್ದ. ಮೂರನೇ ಸೆಮಿಸ್ಟರಲ್ಲಿ ಎರಡು ಸಬ್ಜೆಕ್ಟ್ ಹೋಗವಂತೆ. ನಮಗೆ ಹೇಳಿಲ್ಲ. ಜೊತೇಲಿ ಓದಿದೋರಲ್ಲಿ ಇಬ್ಬರು ಬಿಡದಿ ಫ್ಯಾಕ್ಟರೀಲಿ ಸಂಬಳ ತಗೊಳ್ತಾವ್ರೆ, ಒಬ್ಬ ಗಾಡಿ ತಗೊಂಡವ್ನೆ. "ಕಾಲೇಜಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿರ್ಲಿಲ್ಲ ದೊಡ್ಡವ್ವ. ಆ ವಿಡಿಯೋ ಆದ್ಮೇಲೆ ಬಸ್ಸಲ್ಲಿ ಗುರುತು ಸಿಗದೋರೂ ಮಾತಾಡ್ಸಿದ್ರು. ಮನೇಲೂ ಅಷ್ಟೇ. ಸೊಪ್ಪು ತಂದ್ಯಾ, ಹಾಲು ಹಾಕಿ ಬಂದ್ಯಾ, ಓದ್ಕೊಂಡ್ಯಾ. ಆವತ್ತೊಂದಿನ ಎಲ್ಲಾರೂ ಸೂಪರ್ ಅಂದ್ರಿ."

ನನ್ನ ಕಣ್ಣಲ್ಲಿ ನೀರು ಬಂತು. ಏನು ಹೇಳ್ಬೇಕೋ ತಿಳೀಲಿಲ್ಲ. ಎರಡು ವರ್ಷದಿಂದ ಬೆಳಗ್ಗೆ ಐದಕ್ಕೆ ಎದ್ದು ತೋಟದಿಂದ ಸೊಪ್ಪು ಹೊತ್ತು ತರ್ತಾನೆ. ನಮ್ಮತ್ತೆಗೆ ಸಕ್ಕರೆ ಮಾತ್ರೆ ಮರೆಯದೆ ಕೊಡ್ತಾನೆ. ಒಂದು ದಿನ "ಸೂಪರ್ ಮಗನೆ" ಅಂದಿದ್ದು ನೆನಪಿಲ್ಲ ನನಗೆ. ಅವನ ಹಿಮ್ಮಡಿ ಗಾಳೀಲಿದ್ದಾಗ ಅಂದೆ.

ಫೋನು ಕೆಟ್ಟದ್ದು, ಹುಡುಗ್ರು ಕೆಟ್ಟೋದ್ರು ಅಂತ ಒಂದು ಮಾತಲ್ಲಿ ಹೇಳಿಬಿಡೋದು ಸುಲಭ. ನಾನೂ ಎಷ್ಟು ಸಲ ಹೇಳಿದ್ದೀನಿ. ಆದ್ರೆ ಹುಡುಗ ಬಂಡೆ ಅಂಚಿಗೆ ಹೋಗೋದು ನೋಡೋರಿದ್ದಾರೆ ಅಂತ. ಆ ನೋಡೋರಲ್ಲಿ ನಾವೂ ಇದ್ದೀವಿ. ಇನ್‌ಸ್ಟಾಗ್ರಾಮಿನ ಯಜಮಾನರಿಗೆ ಬುದ್ಧಿ ಹೇಳೋಕೆ ಕೋಡಿಹಳ್ಳೀಲಿ ಕೂತಿರೋ ನನ್ನ ಕೈಲಾಗಲ್ಲ. ನನ್ನ ಬೆರಳು ಮಾತ್ರ ನನ್ನ ಮಾತು ಕೇಳ್ತದೆ.

ಅದಕ್ಕೆ ನಾನು ಮೂರು ಪದ್ಧತಿ ಇಟ್ಕೊಂಡಿದ್ದೀನಿ. ಯಾವ ಹುಡುಗ ಹುಡುಗಿ ಫೋಟೋ ಬಂದ್ರೂ ಮೊದಲು ಕಾಲೆಲ್ಲೈತೆ ಅಂತ ನೋಡ್ತೀನಿ, ಆಮೇಲೆ ಮುಖ. ಅಂಚಲ್ಲಿ, ಹಳಿ ಮೇಲೆ, ನೀರಲ್ಲಿ, ಓಡೋ ಗಾಡಿ ಮೇಲೆ ಇದ್ರೆ ಹಾರ್ಟ್ ಇಲ್ಲ. ಗ್ರೂಪಲ್ಲಿ ಎಲ್ಲರ ಮುಂದೆ ಬೈಯೋದೂ ಇಲ್ಲ, ಅದು ಇನ್ನೊಂದು ಥರ ಹಟ ಹುಟ್ಟಿಸ್ತದೆ. ಅವನಿಗೋ ಅವಳಿಗೋ ಫೋನ್ ಮಾಡಿ ಮಾತಾಡ್ತೀನಿ. ಎರಡನೇದು, ಯಾರೋ ಬಿದ್ದಿದ್ದು, ಸತ್ತಿದ್ದು, ಗುದ್ದಿಸಿದ್ದು ನನ್ನ ಫೋನಿಗೆ ಬಂದ್ರೆ ಅಲ್ಲೇ ನಿಲ್ತದೆ. ಮುಂದಕ್ಕೆ ಹೋಗಲ್ಲ. ಮೂರನೇದು ಕಷ್ಟದ್ದು. ಮಕ್ಕಳು ದಿನಾ ಮಾಡೋ ಕೆಲಸಕ್ಕೆ ಬಾಯ್ತುಂಬ ಒಂದು ಮಾತು ಆಡೋದು. ನಮಗೆ ಅಭ್ಯಾಸ ಇಲ್ಲ ನೋಡಿ, ಹೊಗಳಿದ್ರೆ ದೃಷ್ಟಿ ಆಗ್ತದೆ ಅಂತ ಬೆಳೆಸಿದೋರು ನಮ್ಮನ್ನ. ಮೊದಲ್ನೇ ಸಲ ಅಂದಾಗ ಅವನೂ ನಾಚ್ಕೊಂಡ, ನಾನೂ ನಾಚ್ಕೊಂಡೆ.

ಆ ವಿಡಿಯೋ ಅವನು ತೆಗೀಲಿಲ್ಲ. 11 ಸಾವಿರ ಜನ ನೋಡಿದ್ದನ್ನ ಅಳಿಸೋಕೆ ಮನಸ್ಸು ಬರಲ್ಲ ಅಂದ. ನಾನು ಬಲವಂತ ಮಾಡ್ಲಿಲ್ಲ. ಗ್ರೂಪಲ್ಲಿ ನಾನು ಹಾಕಿದ್ದ ಹಾರ್ಟನ್ನ ಮಾತ್ರ ವಾಪಸ್ ತೆಗೆಯೋದು ಹೆಂಗೆ ಅಂತ ಅವನನ್ನೇ ಕೇಳ್ದೆ. ತೋರಿಸಿಕೊಟ್ಟ. ತೆಗೆದೆ. ಎರಡು ಸಬ್ಜೆಕ್ಟಿಗೆ ಮತ್ತೆ ಫೀಸ್ ಕಟ್ಟವ್ನೆ, ಅದನ್ನ ತಂಗಿಗೆ ನಾನೇ ಹೇಳ್ದೆ.

ಇನ್ಮೇಲೆ ಅವನು ಅಂಚಿಗೆ ಹೋಗಲ್ಲ ಅಂತ ನಾನು ಆಣೆ ಮಾಡಿ ಹೇಳಲಾರೆ. ಭಾನುವಾರ ಸ್ನೇಹಿತರ ಜೊತೆ ಹೊರಟ್ರೆ ಸಂಜೆ ಗಾಡಿ ಸದ್ದು ಕೇಳೋ ತನಕ ನಮ್ಮತ್ತೆ ಬಾಗಿಲಲ್ಲೇ ಕೂತಿರ್ತಾರೆ. ಕಬ್ಬಾಳಮ್ಮನಿಗೆ ಕಾಣಿಕೆ ಕಟ್ಟಿಟ್ಟವ್ರೆ. ಹೋದ ವಾರ ಹುಳ ಹಣ್ಣಾಗಿ ಚಂದ್ರಿಕೆ ಮೇಲೆ ಬಿಡೋದನ್ನ ಅವನು ವಿಡಿಯೋ ಮಾಡ್ದ, ನಮ್ಮತ್ತೆ ಕೈ ಮಾತ್ರ ಕಾಣೋ ಥರ. 212 ಜನ ನೋಡವ್ರೆ. ನಾನು ಮೊದಲು ಕಾಲು ನೋಡ್ದೆ, ನಮ್ಮ ಮನೆ ನೆಲದ ಮೇಲೇ ಇತ್ತು. ಹಾರ್ಟ್ ಒತ್ತಿದೆ.

ನೀವೂ ಒಸಿ ನೋಡ್ರಮ್ಮ ಅದನ್ನ. ನೋಡಿ, ಅವನಿಗೆ ಒಂದು ಮಾತು ಹೇಳಿ.